ಹುದ್ದೆಯ ಹೆಸರು ಸಾಲದು, ಮಾಡಿದ ಕೆಲಸ ಬರೆಯಿರಿ

ಕೇಳುಗರಿಗೆ ನಮಸ್ಕಾರ. ಭಟ್ಕಳದಿಂದ ಕಾರವಾರದವರೆಗೆ ಯಾವ ಊರಿಗೆ ಹೋದರೂ ದುಬೈ, ಮಸ್ಕತ್, ಕುವೈತ್‌ನಲ್ಲಿ ದುಡಿದು ಬಂದವರು ಸಿಗುತ್ತಾರೆ. ಅಂಥವರ ರೆಸ್ಯೂಮ್ ತಿದ್ದಿಕೊಡುವುದು ನನ್ನ ಕೆಲಸ. ಇವತ್ತು ಒಂದೇ ಮಾತು ಹೇಳಲು ಬಂದಿದ್ದೇನೆ. ಹುದ್ದೆಯ ಹೆಸರು ಬರೆದು ನಿಲ್ಲಿಸಬೇಡಿ. ಏನು ಮಾಡಿದಿರಿ, ಎಷ್ಟು ಮಾಡಿದಿರಿ, ಅದರಿಂದ ಏನಾಯಿತು, ಅದನ್ನು ಬರೆಯಿರಿ.

ಕುಮಟಾ ಕಡೆಯ ಹುಡುಗನೊಬ್ಬ ಬಂದಿದ್ದ. ಮಸ್ಕತ್‌ನ ಹೋಟೆಲಿನಲ್ಲಿ ಆರು ವರ್ಷ ಇದ್ದು, ಅಪ್ಪನಿಗೆ ಹುಷಾರಿಲ್ಲ ಅಂತ ಊರಿಗೆ ಮರಳಿದವನು. ಗೋವಾದ ಹೋಟೆಲುಗಳಿಗೆ ಅರ್ಜಿ ಹಾಕುತ್ತಿದ್ದ. ಯಾರೂ ಕರೆದಿರಲಿಲ್ಲ. ಆರು ವರ್ಷಕ್ಕೆ ಒಂದೇ ಸಾಲು: 'ಸ್ಟೋರ್ ಕೀಪರ್, ಮಸ್ಕತ್'. ಉಳಿದ ಪುಟವೆಲ್ಲ ಪ್ರಾಮಾಣಿಕ, ಶ್ರಮಜೀವಿ, ಎತ್ತರ, ಜಾತಿ!

"ಬೆಳಿಗ್ಗೆ ಎದ್ದು ಏನು ಮಾಡ್ತಿದ್ದೆ ಹೇಳು" ಅಂದೆ. "ಎಂತ ಇಲ್ಲ ಸರ್, ಸಾಮಾನು ಇಳಿಸ್ಕೊಳ್ಳೋದು" ಅಂದ. ಹೇಗೆ ಅಂತ ಕೇಳಿದೆ ನೋಡಿ, ಆಗ ಬಾಯಿ ಬಿಟ್ಟ. ಮೀನಿನ ಗಾಡಿ ಬಂದ ಕೂಡಲೇ ಥರ್ಮಾಮೀಟರ್ ಚುಚ್ಚಿ ನೋಡುವುದು. ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿದೆಯಾ ಅಂತ ದಿನಕ್ಕೆರಡು ಸಲ ಪುಸ್ತಕದಲ್ಲಿ ಬರೆಯುವುದು. ಮೊದಲು ಬಂದ ಪೆಟ್ಟಿಗೆ ಮೊದಲು ಖರ್ಚಾಗುವ ಹಾಗೆ ಜೋಡಿಸುವುದು. 180 ಕೋಣೆಗಳ ಹೋಟೆಲು, ಮೂರು ಅಡುಗೆಮನೆ, ಎಲ್ಲಕ್ಕೂ ಸಾಮಾನು ಇವನ ಕೈಯಿಂದಲೇ. ಕೈಕೆಳಗೆ ನೇಪಾಳ, ಬಾಂಗ್ಲಾ, ಫಿಲಿಪೀನ್ಸ್‌ನ ಹುಡುಗರು. ಮಾರುವವರ ಜೊತೆ ಅರಬ್ಬಿಯಲ್ಲೇ ಲೆಕ್ಕ. ಕೆಟ್ಟು ಎಸೆಯುವ ಮೀನು ಇವನು ಬಂದ ಮೇಲೆ ಅರ್ಧಕ್ಕೆ ಇಳಿದಿತ್ತಂತೆ. ಯಾಕಪ್ಪ ಬರೆದಿಲ್ಲ ಅಂದರೆ, "ಅದು ದಿನಾ ಮಾಡೋದಲ್ವಾ ಸರ್" ಅಂದ! ನನಗೆ ಸಿಟ್ಟು ಬರುವುದೇ ಇಲ್ಲಿ. ದಿನಾ ಮಾಡಿದ್ದೇ ಅನುಭವ. ಕೆಲಸ ಕೊಡುವವರು ಹುಡುಕುವುದೂ ಅದನ್ನೇ.

ಕೂತು ಐದು ಸಾಲು ಬರೆದೆವು. ಹೋಟೆಲಿನ ಹೆಸರಿನ ಪಕ್ಕ ಅದು ಎಷ್ಟು ದೊಡ್ಡದು ಅಂತಲೂ ಹಾಕಿದೆವು. ಮಸ್ಕತ್‌ನ ಹೋಟೆಲು ಪಣಜಿಯಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಜಾತಿ, ಎತ್ತರ ಹೊಡೆದು ಹಾಕಿದೆವು. ಆಮೇಲೆ ಸಂದರ್ಶನಕ್ಕೆ ಕರೆ ಬಂತು. ಅಲ್ಲಿ ಜಾಸ್ತಿ ಕೇಳಿದ್ದು ಆ ಫ್ರೀಜರ್ ಪುಸ್ತಕದ ಬಗ್ಗೆಯೇ ಅಂತೆ.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಇತ್ತೀಚಿನ ಕೆಲಸ ಮೊದಲು ಬರಲಿ. ತಾರೀಕಿನಲ್ಲಿ ತಿಂಗಳ ಹೆಸರು ಬರೆಯಿರಿ. 04/05 ಅಂದರೆ ನಮಗೆ ಮೇ 4, ಅಮೆರಿಕದವರಿಗೆ ಏಪ್ರಿಲ್ 5. ಅಮೆರಿಕ, ಕೆನಡಾ, ಬ್ರಿಟನ್‌ಗೆ ಕಳಿಸುವಾಗ ಫೋಟೊ, ವಯಸ್ಸು, ಮದುವೆಯ ವಿಷಯ ಬೇಡ. ಹಡಗಿನಲ್ಲಿ ದುಡಿದವರು ಸಿಡಿಸಿ, ಅಂದರೆ ಹಡಗಿನ ಕೆಲಸದ ದಾಖಲೆ ಪುಸ್ತಕ, ತೆರೆದಿಟ್ಟುಕೊಂಡು ಪ್ರತಿ ಹಡಗಿನ ಹೆಸರು, ಅದು ಟ್ಯಾಂಕರೋ ಕಂಟೇನರೋ, ನಿಮ್ಮ ರ್‍ಯಾಂಕ್, ಹತ್ತಿ ಇಳಿದ ತಾರೀಕು, ಎಲ್ಲ ಬರೆಯಿರಿ.

ಶಿರಸಿಯ ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುವ ತಂಗಿಯರೇ, ವಿದೇಶ ನೋಡದಿದ್ದರೂ ನಿಮಗೂ ಇದೇ ಮಾತು. ಸುಮ್ನೆ 'ಅಕೌಂಟೆಂಟ್' ಅಂತ ಬರೆದು ಬಿಡಬೇಡಿ. ಟೆಂಡರ್ ದಿನ ಎಷ್ಟು ರೈತರ ಚಾಲಿ, ರಾಶಿ, ಬೆಟ್ಟೆ ಅಡಿಕೆಯ ಲೆಕ್ಕ ನಿಮ್ಮ ಕೈಯಲ್ಲಿ ಮುಗಿಯುತ್ತದೆ, ಅದನ್ನು ಬರೆಯಿರಿ. ನಮಸ್ಕಾರ.