ಕೋಟೆಯ ಮಣ್ಣು, ಬಿದ್ರಿಯ ಬೆಳ್ಳಿ, ಬೀದರಿನ ಬದುಕು

[ದೃಶ್ಯ: ಕುದಿಯುವ ಪಾತ್ರೆಯಿಂದ ಇಕ್ಕಳದಲ್ಲಿ ಹೊರತೆಗೆಯುತ್ತಿರುವ ಹೂದಾನಿ]

ನಮಸ್ಕಾರ. ಈ ಹೂದಾನಿ ಕೆಲವು ನಿಮಿಷಗಳ ಹಿಂದೆ ಬೂದು ಬಣ್ಣದ್ದಾಗಿತ್ತು; ಅದರ ಮೈಮೇಲಿನ ಬೆಳ್ಳಿಯ ಬಳ್ಳಿ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಬೀದರ್ ಕೋಟೆಯ ಮಣ್ಣನ್ನೂ ನವಸಾಗರ ಎಂಬ ಲವಣವನ್ನೂ ಬೆರೆಸಿ ಕುದಿಸಿದ ನೀರಿನಲ್ಲಿ ಅದ್ದಿದಾಗ ಸತು ಮತ್ತು ತಾಮ್ರದ ಮೈ ಕಾಡಿಗೆಯಂತೆ ಕಪ್ಪಾಯಿತು, ಬೆಳ್ಳಿ ಮಾತ್ರ ಹೊಳೆಯುತ್ತಲೇ ಉಳಿಯಿತು. ಇದು ಬಿದ್ರಿ ಕಲೆ. ಕಲೆ ಮತ್ತು ಪರಂಪರೆಗೆ ಕೊಡುವ ಬೆಂಬಲ ಒಂದು ಪ್ರದೇಶದ ಆರ್ಥಿಕತೆಗೆ ಹೇಗೆ ಬಲ ತುಂಬುತ್ತದೆ ಎಂಬುದನ್ನು ಈ ಒಂದು ಹೂದಾನಿಯಿಂದಲೇ ವಿವರಿಸಬಹುದು.

ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸ್ಥಳಾಂತರಿಸಿದ ಮೇಲೆ ಪರ್ಷಿಯಾದ ಕುಸುರಿ ಪರಂಪರೆ ಇಲ್ಲಿ ಬೇರೂರಿತು. ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ ಅಲಂಕಾರವನ್ನು ನೋಡಿದವರಿಗೆ, ಅದೂ ಬಿದ್ರಿಯೂ ಒಂದೇ ಸೌಂದರ್ಯದೃಷ್ಟಿಯ ಕೂಸುಗಳೆಂದು ಅನ್ನಿಸದೆ ಇರದು.

[ದೃಶ್ಯ: ಕಾರ್ಯಾಗಾರ, ಉಳಿ ಹಿಡಿದ ಕೈಗಳು]

ಈಗ ಕೆಲಸದ ಬಗೆಯನ್ನು ನೋಡೋಣ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದ ಪಾತ್ರೆಯನ್ನು ಅರದಿಂದ ಉಜ್ಜಿ ನಯಗೊಳಿಸುತ್ತಾರೆ. ಚಿತ್ತಾರದ ಗೆರೆ ಎದ್ದು ಕಾಣಲೆಂದು ಮೈಲುತುತ್ತದ ದ್ರಾವಣ ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಗೆರೆಯುದ್ದಕ್ಕೂ ಉಳಿಯಿಂದ ಕೊರೆದು, ಆ ಸಣ್ಣ ಕಾಲುವೆಗಳಲ್ಲಿ ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸುತ್ತಾರೆ. ಕೊನೆಯ ಹಂತಕ್ಕೆ ಬೇಕಾದ ಮಣ್ಣು ಬಿಸಿಲು ಮಳೆ ತಾಗದ ಕೋಟೆಯ ಹಳೆಯ ಭಾಗಗಳದು; ನುರಿತ ಕುಶಲಕರ್ಮಿಗಳು ಅದನ್ನು ನಾಲಿಗೆಗೆ ತಾಗಿಸಿ, ರುಚಿಯಿಂದಲೇ ಆರಿಸುತ್ತಾರೆ.

ಆರ್ಥಿಕತೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಬೆಳ್ಳಿಯನ್ನು ಮೊದಲೇ ದುಡ್ಡು ಕೊಟ್ಟು ಕೊಳ್ಳಬೇಕು, ಆದರೆ ಹಣ ಕೈಸೇರುವುದು ವಸ್ತು ಮಾರಾಟವಾದ ಮೇಲೆ. ಬಂಡವಾಳವಿಲ್ಲದ ಕುಶಲಕರ್ಮಿ ವ್ಯಾಪಾರಿಯೊಬ್ಬ ಕೊಟ್ಟ ಬೆಳ್ಳಿಗೆ ಕೂಲಿ ಮಾಡುತ್ತಾನೆ. ಆಗ ಲಾಭದ ದೊಡ್ಡ ಪಾಲು ಅವನ ಮನೆಗೆ ಬರುವುದಿಲ್ಲ, ಎಷ್ಟೋ ಸಲ ಬೀದರಿನಲ್ಲಿಯೇ ಉಳಿಯುವುದೂ ಇಲ್ಲ. ಅದೇ ಕುಶಲಕರ್ಮಿಗೆ ಕಡಿಮೆ ಬಡ್ಡಿಯ ದುಡಿಮೆ ಬಂಡವಾಳ ಸಿಕ್ಕಿ, ಗಿರಾಕಿಗೆ ನೇರವಾಗಿ ಮಾರುವಂತಾದರೆ, ಆ ಹಣ ಎರಕದವನಿಗೆ, ಕಿರಾಣಿ ಅಂಗಡಿಗೆ, ಮಕ್ಕಳ ಶಾಲೆಯ ಶುಲ್ಕಕ್ಕೆ ಹೋಗುತ್ತಾ ಊರೊಳಗೇ ಹಲವು ಕೈ ಬದಲಾಯಿಸುತ್ತದೆ. ಸಾಂಸ್ಕೃತಿಕ ಆರ್ಥಿಕತೆ ಎಂಬ ದೊಡ್ಡ ಮಾತಿನ ತಿರುಳು ಇಷ್ಟೇ.

ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚಕದ, ಅಂದರೆ ವಸ್ತುವನ್ನು ಅದು ಹುಟ್ಟಿದ ಊರಿನೊಂದಿಗೆ ಗುರುತಿಸುವ ಜಿಐ ಮುದ್ರೆಯ, ಮಾನ್ಯತೆ ದೊರೆಯಿತು. ಹಿರಿಯ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಎರಡೂ ಹೆಮ್ಮೆಯ ಸಂಗತಿಗಳೇ. ಆದರೆ ಕಲಿಯಲು ವರ್ಷಗಳೇ ಬೇಕಾದ ಈ ಕೆಲಸವನ್ನು ಮಗ ಮುಂದುವರಿಸಬೇಕೇ ಎಂದು ತಂದೆ ಯೋಚಿಸುವಾಗ ಅವನ ಕಣ್ಣೆದುರು ಇರುವುದು ಪ್ರಶಸ್ತಿಯಲ್ಲ, ತಿಂಗಳ ಸಂಪಾದನೆ.

[ದೃಶ್ಯ: ಕೋಟೆಯ ಹೆಬ್ಬಾಗಿಲು, ಬಳಿಕ ಗುರುನಾನಕ್ ಝೀರಾ]

ಬೀದರಿಗೆ ಜನ ಬರುವುದಿಲ್ಲ ಎಂದಲ್ಲ. ಸಿಖ್ಖರ ಗುರುದ್ವಾರವಾದ ಗುರುನಾನಕ್ ಝೀರಾಕ್ಕೆ ದೂರದೂರದಿಂದ ಭಕ್ತರು ಬರುತ್ತಾರೆ; ಸುಮಾರು 140 ಕಿಲೋಮೀಟರ್ ದೂರದ ಹೈದರಾಬಾದಿನವರು ಬೆಳಿಗ್ಗೆ ಹೊರಟು ಕೋಟೆಯನ್ನೂ 1472ರ ಮಹಮೂದ್ ಗವಾನ್ ಮದರಸಾವನ್ನೂ ನೋಡಿ ಸಂಜೆಗೆ ಮರಳಬಹುದು. ಹಾಗೆ ಬಂದು ಹೋಗುವವರಿಂದ ಊರಿಗೆ ಸಿಗುವುದು ಒಂದು ಊಟದ ದುಡ್ಡು. ಅವರು ಕಾರ್ಯಾಗಾರದಲ್ಲಿ ಒಂದು ಗಂಟೆ ಕುಳಿತು ಉಳಿಯ ಕೆಲಸ ನೋಡಿ, ಒಂದು ರಾತ್ರಿ ತಂಗಿದರೆ, ವಸತಿಗೃಹದಿಂದ ಆಟೋ ಚಾಲಕನವರೆಗೆ ಎಲ್ಲರಿಗೂ ಪಾಲು ದೊರೆಯುತ್ತದೆ.

ಆದ್ದರಿಂದ ಕೋಟೆಯ ಸಂರಕ್ಷಣೆ ಒಂದು ಇಲಾಖೆಯ ಕಡತದಲ್ಲಿ, ಕರಕುಶಲ ಇನ್ನೊಂದರಲ್ಲಿ, ಪ್ರವಾಸೋದ್ಯಮ ಮತ್ತೊಂದರಲ್ಲಿ ಇರುವುದು ನನಗೆ ಸರಿಕಾಣುವುದಿಲ್ಲ. ಕೋಟೆಯ ಮಣ್ಣಿಲ್ಲದೆ ಬಿದ್ರಿಗೆ ಈ ಕಪ್ಪು ಬರುವುದಿಲ್ಲ. ಕೋಟೆಯ ದುರಸ್ತಿಯ ಯೋಜನೆ ಬರೆಯುವಾಗ ಆ ಮಣ್ಣಿನ ನೆಲೆಗಳನ್ನೂ ಗುರುತಿಸಿ ಕಾಪಾಡಬೇಕು. ಯಾವ ಮೂಲೆಯ ಮಣ್ಣು ಎಂಬುದನ್ನು ನಾಲಿಗೆಯಿಂದ ಬಲ್ಲವರನ್ನು ಆ ಸಭೆಗೆ ಕರೆಯಬೇಕು.