ನಮ್ಮ ನಕ್ಷೆ ತಿದ್ದುವ ಮಂದಿ

ನಮಸ್ಕಾರ್ರಿ. ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಹದಿನೈದು ನಿಮಿಷ ಇದೆ. ಕಲಬುರಗಿ ಬಿಸಿಲಿಗೆ ಮಾತ್ರ ಆಗಲೇ ಮಧ್ಯಾಹ್ನ. ಕಿರಾಣಿ ಅಂಗಡಿ ಮೇಲಿನ ಈ ಎರಡು ಕೋಣೆಯೇ ನಮ್ಮ ಆರ್ಕಿಟೆಕ್ಟ್ ಆಫೀಸು, ಈ ವಿಡಿಯೊ ನಮ್ಮ ಒಂದು ದಿನ. ನಾಲ್ಕು ಜನ, ಮೂರು ಕಂಪ್ಯೂಟರ್, ಒಂದು ಕೂಲರ್. ಕೂಲರ್ ಮುಂದಿನ ಕುರ್ಚಿಗೆ ದಿನಾ ಜಗಳ. ಇವತ್ತು ಅದು ಇಂಟರ್ನ್ ಹುಡುಗಿಗೆ ಸಿಕ್ಕಿದೆ. ನಗು ನೋಡಿ.

ಆರ್ಕಿಟೆಕ್ಟ್ ಅಂದರೆ ದಿನವಿಡೀ ಚಿತ್ರ ಬರೆಯುವವರು ಅಂತ ನಮ್ಮ ಅತ್ತೆ ಇವತ್ತಿಗೂ ನಂಬಿದ್ದಾರೆ. ಆದರೆ ಇವತ್ತು ಮೊದಲು ಬಂದವರು ಪಕ್ಕದ ಓಣಿಯ ಕಾಕಾ. ಮೊಬೈಲಿನಲ್ಲಿ ಗೋಡೆ ಬಿರುಕಿನ ಫೋಟೊ. "ಸಿಮೆಂಟ್ ತುಂಬಿದ್ರ ಹೋಗಂಗಿಲ್ಲೇನು?" ಹೋಗುವುದಿಲ್ಲ ಕಾಕಾ. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಪಾಯ ಆ ಕರಿ ಮಣ್ಣಿನಲ್ಲೇ ನಿಂತರೆ ಮನೆಯೂ ಅದರ ಜೊತೆ ಏರಿಳಿಯುತ್ತದೆ. ಕೆಳಗೆ ಗಟ್ಟಿ ಮುರುಮ್, ಅಂದರೆ ಗರಸು ಮಣ್ಣು, ಸಿಗುವವರೆಗೆ ಅಗೆಯಬೇಕಿತ್ತು. ಈಗ ಕಟ್ಟಿ ಆಗಿದೆ. ಮೊದಲು ಬಚ್ಚಲ ನೀರು ಗೋಡೆ ಬುಡಕ್ಕೆ ಹೋಗದಂತೆ ಮಾಡಿ, ಸುತ್ತ ಇಳಿಜಾರಾಗಿ ಫರ್ಸಿ ಕಲ್ಲು ಹಾಸಿಸಿ, ಆಮೇಲೆ ಬಿರುಕು ನೋಡೋಣ ಅಂದೆ. ಇದಕ್ಕೆ ಫೀಸು ಒಂದು ಕಪ್ ಚಹಾ. ಅದೂ ನಾವೇ ತರಿಸಿದ್ದು.

ಈಗ ಕಾಣುತ್ತಿರುವುದು ಒಂದು ಮನೆಯ ಸೈಟು. ಈ ಬೂದು ಹಾಸುಗಲ್ಲು ಇದೆಯಲ್ಲ, ಶಹಾಬಾದಿನದು. ಸುಣ್ಣದ ಕಲ್ಲು, ಪದರ ಪದರವಾಗಿ ತಾನೇ ಬಿಡಿಸಿಕೊಳ್ಳುತ್ತದೆ. ನಮ್ಮ ಕಡೆ ನೆಲಕ್ಕೂ ಇದೇ, ಕಟ್ಟೆಗೂ ಇದೇ, ಹೊಲದ ಬೇಲಿಗೆ ನಿಲ್ಲಿಸುವುದೂ ಇದೇ. ಬೇಸಿಗೆಯಲ್ಲಿ ಬರಿಗಾಲಿಗೆ ಇದರಷ್ಟು ಹಿತ ಯಾವ ಟೈಲ್ಸೂ ಕೊಡುವುದಿಲ್ಲ ಅನ್ನುವುದು ನನ್ನ ಹಟ.

ಇದೇ ಸೈಟಿನಲ್ಲಿ ನನ್ನ ಮಾನ ಹೋಗಿತ್ತು. ಮೆಟ್ಟಿಲ ಮೇಲೆ ಬೀಮ್ ಬರುವುದನ್ನು ನಕ್ಷೆಯಲ್ಲಿ ಗಮನಿಸಿರಲಿಲ್ಲ. ಕಾಂಕ್ರೀಟ್ ಸುರಿಯಲು ಸೆಂಟ್ರಿಂಗ್ ಹಲಗೆ ಕಟ್ಟುವ ಮುಂಚೆ ಗೋಡೆ ಕಟ್ಟುವ ಗೌಂಡಿ ನಕ್ಷೆ ಹಿಡಿದು ಬಂದ. "ಮೇಡಮ್, ನಿಮ್ ಕಾಗದದಾಗ ಮಂದಿ ಭಾಳ ಗಿಡ್ಡ ಹಾರೇನ್ರಿ?" ಆರಡಿ ಮನುಷ್ಯ ಹತ್ತಿದರೆ ಹಣೆಗೇ ಬಡಿಯುತ್ತಿತ್ತು. ಸುಮ್ನೆ ಕೆಂಪು ಪೆನ್ನು ತೆಗೆದುಕೊಂಡೆ. ಅವತ್ತಿನ ಮಿರ್ಚಿ ಭಜಿ ನನ್ನ ಲೆಕ್ಕದಲ್ಲಿ.

ಎಲ್ಲರ ಜೊತೆ ವಾದ ಇಷ್ಟು ಬೇಗ ಮುಗಿಯುವುದಿಲ್ಲ. ಒಬ್ಬ ದಾಲ್ ಮಿಲ್ ಮಾಲೀಕರಿಗೆ ಆಫೀಸಿನ ಪಡುವಣ ಗೋಡೆ ಪೂರ್ತಿ ಗಾಜೇ ಬೇಕಿತ್ತು, ಹೈದರಾಬಾದಿನಲ್ಲಿ ನೋಡಿದ ಹಾಗೆ. ಮೇ ತಿಂಗಳಲ್ಲಿ ಇಲ್ಲಿ ನಲವತ್ತೆರಡು ಡಿಗ್ರಿ ದಾಟುತ್ತದೆ, ಸಂಜೆ ಒಳಗೆ ಬೇಯುತ್ತೀರಿ ಅಂದರೂ ಕೇಳಲಿಲ್ಲ. ಒಂದು ಮಧ್ಯಾಹ್ನ ಅವರನ್ನು ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ಕರೆದುಕೊಂಡು ಹೋದೆವು. 1367ರ ಕಟ್ಟಡ. ಬೇರೆ ಕಡೆ ದೊಡ್ಡ ಮಸೀದಿಗಳ ನಡುವೆ ಬಯಲು ಅಂಗಳ ಇರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಇಡೀ ಜಾಗಕ್ಕೆ ಗುಮ್ಮಟಗಳ ಸೂರು. ಬೆಳಕು, ಗಾಳಿ ಪಕ್ಕದ ಅಗಲ ಕಮಾನುಗಳಿಂದ ಬರುತ್ತವೆ. ಬಿಸಿಲು ಹೊರಗೇ ನಿಲ್ಲುತ್ತದೆ. ಅರ್ಧ ಗಂಟೆ ಕೂತು, ಬೆವರು ಆರಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: "ಇಷ್ಟ್ ತಂಪ್ ಹ್ಯಾಂಗ್ರಿ?" ಗಾಜು ಅರ್ಧಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ, ಹೋಗುತ್ತದೆ ಅಂತ ನಾವೂ ಅಂದುಕೊಂಡಿರಲಿಲ್ಲ.

ಮಧ್ಯಾಹ್ನ ಊಟ. ನಾಲ್ಕು ಡಬ್ಬಿ ಒಟ್ಟಿಗೇ ಬಿಚ್ಚುತ್ತೇವೆ. ಪುಂಡಿಪಲ್ಯ ಯಾರ ಡಬ್ಬಿಯಲ್ಲಿದ್ದರೂ ಅದು ಎಲ್ಲರದ್ದು.

ಸಂಜೆ ಚಿತ್ತಾಪುರದ ಕಡೆಯ ಒಂದು ಹಳ್ಳಿ. ಊರವರು ಪಟ್ಟಿ ಎತ್ತಿ, ಅಂದರೆ ಮನೆಮನೆಯಿಂದ ದುಡ್ಡು ಕೂಡಿಸಿ, ಸಮುದಾಯ ಭವನ ಕಟ್ಟುತ್ತಿದ್ದಾರೆ. ಫೀಸು ಕಡಿಮೆ, ಮೀಟಿಂಗ್ ಜಾಸ್ತಿ. ಮೊದಲ ಸಲ ಕಟ್ಟೆ ಮೇಲೆ ನಕ್ಷೆ ಹರಡಿದಾಗ ಗಂಡಸರು ಸ್ಟೇಜ್ ಎಷ್ಟು ದೊಡ್ಡದು, ಹೆಸರಿನ ಕಲ್ಲು ಎಲ್ಲಿ ಅಂತಲೇ ಅರ್ಧ ಗಂಟೆ ಮಾತಾಡಿದರು. ಹಿಂದೆ ನಿಂತಿದ್ದ ಒಬ್ಬ ಅಜ್ಜಿ ಅಡುಗೆ ಕೋಣೆ ಮೇಲೆ ಬೆರಳಿಟ್ಟರು. "ತಂಗಿ, ಇಷ್ಟರಾಗ ಹತ್ತು ಒಲಿ ಹಚ್ಚಿದ್ರ ನಾವ್ ಬದಕ್ತೀವೇನು?"

ನನಗೆ ಹೊಳೆದೇ ಇರಲಿಲ್ಲ. ಮದುವೆ ಅಂದರೆ ಜೋಳದ ರೊಟ್ಟಿ. ಹತ್ತು ಹದಿನೈದು ಹೆಂಗಸರು ನೆಲದ ಮೇಲೆ ಕೂತು ಬಡಿಯಬೇಕು, ಪಕ್ಕದಲ್ಲಿ ಒಲೆ, ಒಲೆಗೆ ತೊಗರಿ ಕಟ್ಟಿಗೆ, ಹೊಗೆ. ನಾನು ಬರೆದದ್ದು ಹತ್ತಡಿ ಹನ್ನೆರಡಡಿ ಕೋಣೆ, ನಿಂತು ಅಡುಗೆ ಮಾಡುವ ಕಟ್ಟೆ, ಒಂದು ಕಿಟಕಿ. ನಮ್ಮ ಮನೆಯ ಕಿಚನ್ನನ್ನೇ ಸ್ವಲ್ಪ ಎಳೆದು ಇಟ್ಟಿದ್ದೆ! ಅಜ್ಜಿ ಕಡ್ಡಿ ತಗೊಂಡು ಮಣ್ಣಿನ ಮೇಲೆ ಗೆರೆ ಎಳೆದರು. ಒಲೆಗಳ ಸಾಲು ಇಲ್ಲಿ, ಗಾಳಿ ಈ ಕಡೆಯಿಂದ, ನಾವು ಇಲ್ಲಿ. ಇಂಟರ್ನ್ ಹುಡುಗಿ ಟೇಪು ಹಿಡಿದಳು, ಇಬ್ಬರು ಹೆಂಗಸರು ನಿಜವಾಗಿಯೂ ಕೂತು ತೋರಿಸಿದರು. ಒಬ್ಬರಿಗೆ ಎಷ್ಟು ಜಾಗ ಬೇಕು ಅನ್ನುವುದು ಹಾಗೇ ಅಳತೆಗೆ ಬಂತು.

ಇವತ್ತು ಹೊಸ ನಕ್ಷೆ ತಂದಿದ್ದೇವೆ. ಭವನದ ಹಿಂದೆ ಮೂರು ಕಡೆ ತೆರೆದ ಉದ್ದನೆಯ ಚಪ್ಪರ, ಕೆಳಗೆ ಫರ್ಸಿ ನೆಲ, ಹೊಗೆ ಹೋಗಲು ಸೂರಿನ ನಡುವೆ ಸಂದು. ಅಜ್ಜಿ ನಕ್ಷೆಯನ್ನು ಒಮ್ಮೆ ತಿರುಗಿಸಿ ನೋಡಿದರು. ನಾನು ಉಸಿರು ಹಿಡಿದು ನಿಂತಿದ್ದೇನೆ, ವಿಡಿಯೊದಲ್ಲೇ ಕಾಣುತ್ತದೆ.

"ಛಲೋ ಅದ," ಅಂದರು. ಆಮೇಲೆ ಬೆರಳು ಮತ್ತೆ ಕೆಳಗೆ ಬಂತು.

"ಹಿಟ್ಟು ನಾದಾಕ ನೀರ್ ಎಲ್ಲಿಂದ ತರಬೇಕ್ ತಂಗಿ? ನಳ ಎಲ್ಲದ?"

ಪೆನ್ನು ಎಲ್ಲಿಟ್ಟೆ ನಾನು?