ಒಂದು ಗಂಟೆ ಹಿಂದಿದ್ದ ಹೆಲಿಕಾಪ್ಟರ್

ಸ್ನೇಹಿತರೇ, ಎಲ್ಲರಿಗೂ ನಮಸ್ಕಾರ.

2003ರ ಮಾರ್ಚ್ 24ರ ಸಂಗತಿ ಇದು. ಅಮೆರಿಕ ಇರಾಕ್ ಮೇಲೆ ದಂಡೆತ್ತಿ ಹೋಗಿ ಇನ್ನೂ ಒಂದು ವಾರ ಆಗಿರಲಿಲ್ಲ. ಮರುಭೂಮಿಯ ಮೇಲೆ ಹಾರುತ್ತಿದ್ದ ಸೇನೆಯ ಒಂದು ಚಿನೂಕ್ ಹೆಲಿಕಾಪ್ಟರ್‌ಗೆ ನೆಲದಿಂದ ಹಾರಿಸಿದ ರಾಕೆಟ್ ಗ್ರೆನೇಡ್ ಬಡಿಯಿತು. ಪೈಲಟ್‌ಗಳು ಹೇಗೋ ಅದನ್ನು ಇಳಿಸಿದರು. ಅದಾಗಿ ಅರ್ಧ ಗಂಟೆಯೋ ಒಂದು ಗಂಟೆಯೋ ಕಳೆದ ಮೇಲೆ ಇನ್ನೊಂದು ಚಿನೂಕ್ ಬಂದು ಅಲ್ಲೇ ಇಳಿಯಿತು. ಅದರಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯ ಪತ್ರಕರ್ತ ಬ್ರಯಾನ್ ವಿಲಿಯಮ್ಸ್ ಇದ್ದರು. ಅಷ್ಟರಲ್ಲಿ ಮರಳಿನ ಬಿರುಗಾಳಿ ಎದ್ದಿತು. ಎರಡು ಮೂರು ದಿನ ಅಲ್ಲೇ ಸಿಕ್ಕಿಹಾಕಿಕೊಂಡರು.

ಆ ವಾರ ವಿಲಿಯಮ್ಸ್ ಕೊಟ್ಟ ವರದಿಯಲ್ಲಿ, ಪೆಟ್ಟು ತಿಂದದ್ದು ನಮ್ಮ ಮುಂದಿದ್ದ ಚಿನೂಕ್ ಎಂದಿತ್ತು. ಈ 'ಮುಂದೆ' ಅನ್ನುವ ಪದವನ್ನು ಸ್ವಲ್ಪ ನೋಡಿ. ಕಣ್ಣಿಗೆ ಕಾಣುವಷ್ಟು ದೂರದಲ್ಲಿದ್ದರೂ ಮುಂದೆಯೇ. ಒಂದು ಗಂಟೆ ಮೊದಲೇ ಹೋಗಿದ್ದರೂ ಮುಂದೆಯೇ. ಸುಳ್ಳು ಅನ್ನೋಕಾಗಲ್ಲ. ಆದರೆ ಕೇಳಿದವರ ಮನಸ್ಸಿನಲ್ಲಿ ಎರಡು ಹೆಲಿಕಾಪ್ಟರ್‌ಗಳೂ ಹಿಂದೆಮುಂದೆ ಒಟ್ಟಿಗೇ ಹಾರುತ್ತವೆ. ಬಿರುಕು ಬಿಟ್ಟದ್ದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ.

2004ರ ಕೊನೆಯಲ್ಲಿ ವಿಲಿಯಮ್ಸ್ ಎನ್‌ಬಿಸಿಯ ಸಂಜೆ ಸುದ್ದಿಯ ಮುಖ್ಯ ನಿರೂಪಕರಾದರು. ದೇಶವೇ ನಂಬುವ ಮುಖ. 2013ರಲ್ಲಿ ಡೇವಿಡ್ ಲೆಟರ್‌ಮನ್ ನಡೆಸುತ್ತಿದ್ದ ರಾತ್ರಿಯ ಹರಟೆ ಕಾರ್ಯಕ್ರಮಕ್ಕೆ ಹೋದಾಗ, ದಾಳಿಗೆ ಸಿಕ್ಕ ಹೆಲಿಕಾಪ್ಟರ್‌ಗಳಲ್ಲಿ ತಾವು ಕೂತಿದ್ದದ್ದೂ ಒಂದು ಎಂದರು. 2015ರ ಜನವರಿ 30ರಂದು ಅದೇ ಮಾತನ್ನು ಸುದ್ದಿಯಲ್ಲೇ ಹೇಳಿದರು. ಎನ್‌ಬಿಸಿ ಆ ತುಣುಕನ್ನು ಫೇಸ್‌ಬುಕ್‌ಗೆ ಹಾಕಿತು. ಪೆಟ್ಟು ತಿಂದ ಹೆಲಿಕಾಪ್ಟರ್‌ನಲ್ಲಿ ನಿಜವಾಗಿ ಇದ್ದ ಫ್ಲೈಟ್ ಇಂಜಿನಿಯರ್ ಅದನ್ನು ನೋಡಿದರು. ನೀವು ನನ್ನ ಹೆಲಿಕಾಪ್ಟರ್‌ನಲ್ಲಿ ಇದ್ದದ್ದು ನನಗೆ ನೆನಪಿಲ್ಲ, ನಾವು ಇಳಿದು ಸುಮಾರು ಒಂದು ಗಂಟೆ ಆದ ಮೇಲೆ ನಡೆದು ಬಂದು ಏನಾಯ್ತು ಅಂತ ಕೇಳಿದ್ದು ನೆನಪಿದೆ ಎಂದು ಬರೆದರು.

ಫೆಬ್ರವರಿ 4ರಂದು ಸೈನಿಕರ ಪತ್ರಿಕೆ 'ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್' ಇದನ್ನು ಪ್ರಕಟಿಸಿತು. ಅದೇ ಸಂಜೆ ವಿಲಿಯಮ್ಸ್ ಕ್ಷಮೆ ಕೇಳಿದರು. ತಾವಿದ್ದದ್ದು ಅದರಲ್ಲಲ್ಲ, ಹಿಂದೆ ಬರುತ್ತಿದ್ದ ಹೆಲಿಕಾಪ್ಟರ್‌ನಲ್ಲಿ ಎಂದರು. ನೋಡಿ, ಕ್ಷಮೆ ಕೇಳುವಾಗಲೂ ಆ ಒಂದು ಗಂಟೆಯ ಮಾತು ಬರಲಿಲ್ಲ. ಆಗ 'ಮುಂದೆ' ಮಾಡಿದ ಕೆಲಸವನ್ನೇ ಈಗ 'ಹಿಂದೆ' ಮಾಡಿತು. ಫೆಬ್ರವರಿ 10ರಂದು ಎನ್‌ಬಿಸಿ ಅವರನ್ನು ಆರು ತಿಂಗಳು ಸಂಬಳವಿಲ್ಲದೆ ಅಮಾನತು ಮಾಡಿತು. ಆ ಕುರ್ಚಿ ಅವರಿಗೆ ಮತ್ತೆ ಸಿಗಲಿಲ್ಲ.

ಎನ್‌ಬಿಸಿ ಒಳಗೇ ಒಂದು ತನಿಖೆ ನಡೆಸಿತು. ಅದರಲ್ಲಿ ಕಂಡುಬಂದದ್ದನ್ನು ನಾನು ತುಂಬ ಸಲ ಯೋಚಿಸಿದ್ದೇನೆ. ವಿಲಿಯಮ್ಸ್ ಅವರ ತಪ್ಪು ಮಾತುಗಳಲ್ಲಿ ಹೆಚ್ಚಿನವು ಸುದ್ದಿ ಓದುವಾಗ ಬಂದವಲ್ಲ, ಯುದ್ಧಭೂಮಿಯಿಂದ ವರದಿ ಮಾಡುವಾಗ ಬಂದವೂ ಅಲ್ಲ. ರಾತ್ರಿಯ ಹರಟೆ ಕಾರ್ಯಕ್ರಮಗಳಲ್ಲಿ, ಸಭೆಗಳಲ್ಲಿ ಬಂದವು. ಸುದ್ದಿಮನೆಯಲ್ಲಿ ಬರೆದದ್ದನ್ನು ಇನ್ನೊಬ್ಬರು ಓದುತ್ತಾರೆ, ಯಾರು ಹೇಳಿದ್ದು ಅಂತ ಕೇಳುತ್ತಾರೆ. ಹರಟೆಗೆ ಕೂತಾಗ ಎದುರಿಗಿರುವುದು ಚಪ್ಪಾಳೆ ತಟ್ಟುವವರು. ಎಲ್ಲಿ ಚಪ್ಪಾಳೆ ಜಾಸ್ತಿ ಬಿತ್ತೋ ಕಥೆ ಮುಂದಿನ ಸಲ ಅಲ್ಲಿ ಇನ್ನೊಂದು ಚೂರು ಬೆಳೆಯುತ್ತದೆ. ಅಲ್ಲಿ ಬೆಳೆದ ಕಥೆ ಹನ್ನೆರಡು ವರ್ಷದ ನಂತರ ಸುದ್ದಿಯ ಒಳಕ್ಕೇ ಬಂದು ಕೂತಿತು. ನಾವು ಪತ್ರಕರ್ತರನ್ನು ವೇದಿಕೆಗೆ ಕರೆದು, ನಿಮ್ಮ ರೋಚಕ ಅನುಭವ ಹೇಳಿ ಅಂತ ಕೇಳುತ್ತೇವಲ್ಲ, ಆಗ ಇದು ನೆನಪಿರಲಿ.

ಹಾಗಾದರೆ ಅವರು ಬೇಕಂತಲೇ ಸುಳ್ಳು ಹೇಳಿದರಾ? ನೆನಪಿನ ಬಗ್ಗೆ ಒಂದು ಹಳೆಯ ಅಧ್ಯಯನವಿದೆ. 1986ರಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನವೇ ಉಲ್ರಿಕ್ ನೈಸರ್ ಎಂಬ ಮನಶ್ಶಾಸ್ತ್ರಜ್ಞ ವಿದ್ಯಾರ್ಥಿಗಳಿಂದ, ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಎಂದೆಲ್ಲ ಬರೆಸಿಕೊಂಡರು. ಎರಡೂವರೆ ವರ್ಷದ ನಂತರ ಅವರಲ್ಲಿ 44 ಜನರನ್ನು ಅದೇ ಪ್ರಶ್ನೆ ಕೇಳಲಾಯಿತು. 11 ಜನರ ಉತ್ತರ ಪೂರ್ತಿ ಬೇರೆ. ಆದರೂ ಅನೇಕರಿಗೆ ತಮ್ಮ ಈಗಿನ ನೆನಪೇ ಸರಿ ಅನ್ನುವ ಗಟ್ಟಿ ನಂಬಿಕೆ. ಅವರದೇ ಕೈಬರಹ ತೋರಿಸಿದರೂ ಹಳೆಯ ನೆನಪು ತಿರುಗಿ ಬರಲಿಲ್ಲ. ವಿಲಿಯಮ್ಸ್ ವಿಷಯದಲ್ಲೂ ಹೀಗೊಂದು ಆಯಿತು. ಅವರಿದ್ದ ಹೆಲಿಕಾಪ್ಟರ್ ನಡೆಸುತ್ತಿದ್ದೆ ಎಂದ ಪೈಲಟ್ ಮೊದಲು, ನಮ್ಮ ಮೇಲೂ ಗುಂಡು ಬಿತ್ತು ಎಂದರು. ಒಂದೆರಡು ದಿನದಲ್ಲೇ, ನನ್ನ ನೆನಪಿನ ಮೇಲೇ ನನಗೆ ಅನುಮಾನ ಬರುತ್ತಿದೆ ಎಂದು ಹಿಂದೆ ಸರಿದರು.

ನೆನಪು ಮೋಸ ಮಾಡುತ್ತದೆ, ಒಪ್ಪೋಣ. ಆದರೆ ಪತ್ರಕರ್ತರ ಹತ್ತಿರ ಟಿಪ್ಪಣಿ ಪುಸ್ತಕ ಇರುವುದು ಅದಕ್ಕೇ ಅಲ್ವಾ? ವಿಲಿಯಮ್ಸ್ ಅವರ ಬಳಿ ತಮ್ಮದೇ ದನಿಯ 2003ರ ವರದಿ ಇತ್ತು. ತೆಗೆದು ನೋಡಿದ್ದರೆ ಸಾಕಿತ್ತು. 2015ರ ಜೂನ್‌ನಲ್ಲಿ ಕೊಟ್ಟ ಸಂದರ್ಶನದಲ್ಲಿ ಅವರೇ, ಇದಕ್ಕೆ ತಮ್ಮ ಅಹಂಕಾರವೇ ಕಾರಣ ಇರಬೇಕು ಎಂದರು. ನನಗೆ ಆ ಉತ್ತರವೇ ಹೆಚ್ಚು ಪ್ರಾಮಾಣಿಕ ಅನ್ನಿಸಿತು.

ಅದೇ ಫೆಬ್ರವರಿಯಲ್ಲಿ ಫಾಕ್ಸ್ ನ್ಯೂಸ್‌ನ ಬಿಲ್ ಓ'ರೈಲಿ ಅವರ ಸರದಿ ಬಂತು. ಫಾಕ್‌ಲ್ಯಾಂಡ್ಸ್ ದ್ವೀಪಗಳಿಗಾಗಿ 1982ರಲ್ಲಿ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ನಡೆದ ಯುದ್ಧದ ರಣರಂಗದಲ್ಲಿ ಇದ್ದೆ ಎನ್ನುವಂತೆ ಅವರು ಹಲವು ಸಲ ಮಾತಾಡಿದ್ದರು. ಆಗ ಅವರಿದ್ದದ್ದು ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ. ದ್ವೀಪಗಳು ಅಲ್ಲಿಂದ ಸುಮಾರು 1,900 ಕಿಲೋಮೀಟರ್ ದೂರ. ಅವರು ಕಂಡದ್ದು, ಅರ್ಜೆಂಟೀನಾ ಶರಣಾದ ಮೇಲೆ ಊರಿನ ಬೀದಿಯಲ್ಲಿ ಎದ್ದ ಗಲಭೆಯನ್ನು. ಅದೂ ಸಣ್ಣದೇನಲ್ಲ. ಸೋತ ದೇಶದ ಜನ ತಮ್ಮದೇ ಸರ್ಕಾರದ ಮೇಲೆ ರೇಗಿ ಬೀದಿಗಿಳಿದ ಹೊತ್ತು ಅದು. ಒಳ್ಳೆ ವರದಿಗಾರನಿಗೆ ಅಷ್ಟು ಸಾಲದೇ? ಅವರು ತಪ್ಪು ಒಪ್ಪಲಿಲ್ಲ. ವಾಹಿನಿ ಅವರ ಬೆನ್ನಿಗೆ ನಿಂತಿತು, ಕೆಲಸ ಉಳಿಯಿತು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಯಾಕೆ ಅಂತ ಕೆಲವರು ಕೇಳುತ್ತಾರೆ. ಇರಾಕ್‌ನಲ್ಲಿ ಮಹಾವಿನಾಶದ ಅಸ್ತ್ರಗಳಿವೆ ಎಂಬ ಮಾತನ್ನು ಪರೀಕ್ಷಿಸದೆ ಸುದ್ದಿ ಮಾಡಿದವರಲ್ಲಿ ಎಷ್ಟು ಜನ ಕೆಲಸ ಕಳೆದುಕೊಂಡರು ಎನ್ನುತ್ತಾರೆ. ಆ ಸಿಟ್ಟು ನ್ಯಾಯವಾದದ್ದು. ಆ ತಪ್ಪು ಇದಕ್ಕಿಂತ ಎಷ್ಟೋ ದೊಡ್ಡದು. ಆದರೆ ಇದು ಸಣ್ಣದು ಅಂತ ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಯುದ್ಧ ವರದಿಗಾರ್ತಿ ಮೇರಿ ಕೊಲ್ವಿನ್ ಅವರನ್ನು ನೆನೆಸಿಕೊಳ್ಳಿ. 2001ರಲ್ಲಿ ಶ್ರೀಲಂಕಾದಲ್ಲಿ ಒಂದು ಕಣ್ಣು ಕಳೆದುಕೊಂಡವರು. 2012ರ ಫೆಬ್ರವರಿಯಲ್ಲಿ ಸಿರಿಯಾದ ಹೋಮ್ಸ್ ಊರಿನಲ್ಲಿದ್ದರು. ಉಗ್ರರನ್ನು ಮಾತ್ರ ಹೊಡೆಯುತ್ತಿದ್ದೇವೆ ಅಂತ ಅಲ್ಲಿನ ಸರ್ಕಾರ ಹೇಳುತ್ತಿತ್ತು. ಕೊಲ್ವಿನ್ ಅಲ್ಲಿಂದಲೇ ಟೀವಿಗಳಿಗೆ ಮಾತಾಡಿ, ಅದು ಸುಳ್ಳು, ಶೆಲ್ ಬೀಳುತ್ತಿರುವುದು ಹಸಿದ ಜನರ ಮೇಲೆ ಎಂದರು. ಮರುದಿನ, ಫೆಬ್ರವರಿ 22ರಂದು, ಶೆಲ್ ದಾಳಿಯಲ್ಲೇ ಸತ್ತರು. ಅವರ ಸಾವಿಗೆ ಸಿರಿಯಾ ಸರ್ಕಾರವೇ ಹೊಣೆ ಎಂದು ಅಮೆರಿಕದ ನ್ಯಾಯಾಲಯ ತೀರ್ಪು ಕೊಟ್ಟದ್ದು 2019ರಲ್ಲಿ. ಅವತ್ತು ರಾತ್ರಿ ಸರ್ಕಾರದ ಮಾತಿಗೆ ಎದುರಾಗಿ ಇದ್ದದ್ದು ಒಬ್ಬ ಹೆಂಗಸು ಹೇಳಿದ 'ನಾನು ನೋಡಿದೆ' ಮಾತ್ರ. ಇನ್ನೊಬ್ಬರು ಹರಟೆ ಕಾರ್ಯಕ್ರಮದಲ್ಲಿ ಸುಮ್ನೆ ಖರ್ಚು ಮಾಡುವುದು ಇದೇ 'ನಾನು ನೋಡಿದೆ'ಯನ್ನು. ಈ ಪತ್ರಕರ್ತರೆಲ್ಲ ಹೀಗೇ ಉಪ್ಪುಖಾರ ಹಚ್ಚುತ್ತಾರೆ ಅಂತ ಒಂದು ಸರ್ಕಾರ ಕೈ ಝಾಡಿಸಿಕೊಳ್ಳಲು ಬೇರೇನು ಬೇಕು?

ಇನ್ನು ಆ ಸೈನಿಕರು. ಗ್ರೆನೇಡ್ ಬಿದ್ದ ಹೆಲಿಕಾಪ್ಟರ್‌ನಲ್ಲಿ ಎಷ್ಟು ಜನ ಇದ್ದರೋ ಅಷ್ಟೇ ಜನರದು ಆ ಅನುಭವ. ಅವರಿಗೆ ಸುದ್ದಿವಾಹಿನಿ ಇರಲಿಲ್ಲ. ವರ್ಷಗಟ್ಟಲೆ ಅವರ ಸೀಟಿನಲ್ಲಿ ಇನ್ನೊಬ್ಬರು ಕೂತು ಕಥೆ ಹೇಳಿದರು.

ಆ ಇಂಜಿನಿಯರ್ ಬರೆದ ಮಾತು ನನ್ನನ್ನು ಈಗಲೂ ಕಾಡುತ್ತದೆ. ಬಯ್ಯಲೆಂದೇ ಬರೆದದ್ದು ಅದು. ಆದರೂ ಅವರ ನೆನಪಿನಲ್ಲಿ ಉಳಿದಿರುವ ವಿಲಿಯಮ್ಸ್ ಏನು ಮಾಡುತ್ತಿದ್ದಾರೆ ನೋಡಿ. ಶತ್ರು ಎಲ್ಲಿದ್ದಾನೋ ಗೊತ್ತಿಲ್ಲದ ಮರುಭೂಮಿಯಲ್ಲಿ ಇಳಿದು, ಏಟು ತಿಂದ ಹೆಲಿಕಾಪ್ಟರ್ ಕಡೆಗೆ ನಡೆದು ಬಂದು, ಅಲ್ಲಿ ನಿಂತಿದ್ದವರನ್ನು ಏನಾಯ್ತು ಅಂತ ಕೇಳುತ್ತಿದ್ದಾರೆ.